ಮಗುವಿನ ಇಂಗ್ಲಿಷಿಗೆ ಯಾವ ಡಿಜಿಟಲ್ ಆಟ? ಆರಿಸುವ ಮೊದಲು ನೋಡಬೇಕಾದ್ದು

ಏಳು ವರ್ಷದ ಒಬ್ಬ ಹುಡುಗಿ ನನ್ನ ಪಕ್ಕ ಕೂತು ಪದ ಜೋಡಿಸುವ ಆಟ ಆಡುತ್ತಿದ್ದಳು. ಎಡಗಡೆ ನಾಲ್ಕು ಚಿತ್ರ, ಬಲಗಡೆ ನಾಲ್ಕು ಇಂಗ್ಲಿಷ್ ಪದ. ಟಿಂಗ್, ಟಿಂಗ್, ಟಿಂಗ್, ಟಿಂಗ್. ನಾಲ್ಕೂ ಸರಿ. ಸ್ಕ್ರೀನ್ ತುಂಬ ನಕ್ಷತ್ರ. ಕೊನೆಯ ಪದ ‘ಅಂಬ್ರೆಲಾ’. ಅಷ್ಟು ಉದ್ದದ ಪದವನ್ನು ಹೇಗೆ ಓದಿದೆ ಎಂದು ಕೇಳಿದೆ. “ಓದಲಿಲ್ಲ ಮಿಸ್. ಉಳಿದಿದ್ದು ಅದೊಂದೇ ಅಲ್ವಾ?” ಅಂದಳು.

ಅವಳದ್ದೇನೂ ತಪ್ಪಿಲ್ಲ. ಆಟ ಕೇಳಿದ್ದನ್ನು ಅವಳು ಕೊಟ್ಟಳು. ಆಟ ಇಂಗ್ಲಿಷನ್ನು ಕೇಳಲೇ ಇಲ್ಲ.

ಅವತ್ತಿನಿಂದ ಯಾವ ಆಟ ಆರಿಸುವಾಗಲೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇಂಗ್ಲಿಷ್ ಗೊತ್ತಿಲ್ಲದೆಯೂ ಇದನ್ನು ಗೆಲ್ಲಬಹುದಾ? ಗೆಲ್ಲಬಹುದು ಎಂದಾದರೆ ಮಕ್ಕಳು ಆ ದಾರಿಯನ್ನು ಹುಡುಕಿಯೇ ಹುಡುಕುತ್ತಾರೆ. ಅವರಿಗೆ ಬೇಕಾದ್ದು ಗೆಲುವು. ಗೆಲ್ಲುವ ದಾರಿಯಲ್ಲಿ ಇಂಗ್ಲಿಷ್ ತಪ್ಪಿಸಲಾಗದ ಹಾಗೆ ನಿಂತಿರಬೇಕು.

ಇನ್ನೊಂದು ಪ್ರಶ್ನೆಯೂ ಇದೆ. ಆಟ ಮುಗಿದ ಮೇಲೆ ಮಗು ಏನು ಹೇಳುತ್ತದೆ? “ಇವತ್ತು 300 ಪಾಯಿಂಟ್ ಬಂತು” ಎನ್ನುವುದು ಒಂದು ಬಗೆ. “ರಾತ್ರಿ ಆಗೋ ಮೊದಲೇ ಮನೆ ಕಟ್ಟಿಬಿಟ್ಟೆ” ಎನ್ನುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಮಗುವಿನ ಆಸೆ ಪಾಯಿಂಟ್ ಮೇಲೆ. ಎರಡನೆಯದರಲ್ಲಿ ಆಟದ ಒಳಗಿನ ಲೋಕದ ಮೇಲೆ. ಪಾಯಿಂಟ್ ಆಸೆ ಬೇಗ ಹತ್ತಿಕೊಳ್ಳುತ್ತದೆ, ಬೇಗ ಆರುತ್ತದೆ. ಆಟದ ಲೋಕದ ಆಸೆ ಹಾಗಲ್ಲ.

ಐದರಿಂದ ಹನ್ನೆರಡು ವರ್ಷದ, ಮನೆಯಲ್ಲಿ ಇಂಗ್ಲಿಷ್ ಮಾತಾಡದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಕ್ಕಳಿಗೆ ಲೆಕ್ಕ ಬೇರೆ. ಅದು ಯಾಕೆ ಎನ್ನುವುದು ಮೊದಲ ಗುಂಪಿನಲ್ಲೇ ಗೊತ್ತಾಗುತ್ತದೆ.

ಇನ್ನೂ ಓದಲು ಬಾರದವರಿಗೆ: ಅಕ್ಷರ ಮತ್ತು ಧ್ವನಿಯ ಆಟಗಳು

ಇಂಗ್ಲಿಷಿನಲ್ಲಿ ಅಕ್ಷರ 26, ಧ್ವನಿಗಳು ಸುಮಾರು 44. ಕನ್ನಡದಲ್ಲಿ ಬರೆದ ಹಾಗೆ ಓದಿದರಾಯಿತು. ಅಲ್ಲಿ ಹಾಗಲ್ಲ. ‘ಸಿ’ ಅಕ್ಷರ ‘ಕ್ಯಾಟ್’ನಲ್ಲಿ ಕ ಆಗುತ್ತದೆ, ‘ಸಿಟಿ’ಯಲ್ಲಿ ಸ ಆಗುತ್ತದೆ. ಪುಟ್ಟ ಮಗುವಿಗೆ ಇದು ನಿಜಕ್ಕೂ ಕಷ್ಟದ ವಿಷಯ. ಮತ್ತೆ ಮತ್ತೆ ಕೇಳಿ, ಮತ್ತೆ ಮತ್ತೆ ನೋಡಿಯೇ ಅದು ಮನಸ್ಸಿನಲ್ಲಿ ಕೂರಬೇಕು. ನೂರನೇ ಸಲವೂ ಬೇಸರವಿಲ್ಲದೆ ಅದೇ ಧ್ವನಿ ಹೇಳಿಕೊಡುವ ಕೆಲಸಕ್ಕೆ ಆ್ಯಪ್‌ಗಳು ತುಂಬಾ ಒಳ್ಳೆಯವು.

ಇಲ್ಲಿ ಮೂರನ್ನು ಹೋಲಿಸುತ್ತೇನೆ. ಖಾನ್ ಅಕಾಡೆಮಿ ಕಿಡ್ಸ್ 2018ರಲ್ಲಿ ಬಂತು. ಎರಡರಿಂದ ಎಂಟು ವರ್ಷದವರಿಗೆ. ಉಚಿತ, ಜಾಹೀರಾತಿಲ್ಲ. ಅಕ್ಷರ, ಕಥೆ, ಹಾಡು, ಲೆಕ್ಕ ಎಲ್ಲ ಒಂದೇ ಕಡೆ ಇದೆ. ಮಗು ಅಲ್ಲಿ ಇಲ್ಲಿ ಸುತ್ತಾಡಬಹುದು. ಡ್ಯುಯೊಲಿಂಗೊ ಎಬಿಸಿ ಬಂದದ್ದು 2020ರಲ್ಲಿ. ಪಾಠಗಳು ಚಿಕ್ಕವು. ಬೆರಳಿನಲ್ಲಿ ಅಕ್ಷರ ತಿದ್ದುವುದು, ಧ್ವನಿ ಕೇಳಿ ಆರಿಸುವುದು ಜಾಸ್ತಿ. ಟೀಚ್ ಯುವರ್ ಮಾನ್‌ಸ್ಟರ್ ಟು ರೀಡ್ ನೇರ ದಾರಿಯ ಆಟ. ಮಗು ಮೊದಲು ತನ್ನದೇ ಒಂದು ಮಾನ್‌ಸ್ಟರ್ ಮಾಡಿಕೊಳ್ಳುತ್ತದೆ. ಬಣ್ಣ, ಕಣ್ಣು, ಕಾಲು ಎಲ್ಲ ತಾನೇ ಆರಿಸುತ್ತದೆ. ಆಮೇಲೆ ಧ್ವನಿಗಳನ್ನು ಕಲಿಯುತ್ತ ಆ ಮಾನ್‌ಸ್ಟರ್ ಜೊತೆ ಊರೂರು ಸುತ್ತಬೇಕು.

ನನ್ನ ಆಯ್ಕೆ ಮೂರನೆಯದು. ಆ ಮಾನ್‌ಸ್ಟರ್ ತನ್ನದು ಎಂಬ ಮಮತೆ ಮಕ್ಕಳಿಗೆ ಬಂದುಬಿಡುತ್ತದೆ. ಒಬ್ಬ ಹುಡುಗ ತನ್ನ ಮಾನ್‌ಸ್ಟರ್‌ಗೆ ಮೂರು ಕಣ್ಣು ಇಟ್ಟಿದ್ದ. “ಒಂದು ಕಣ್ಣು ನಿದ್ದೆ ಮಾಡಿದ್ರೆ ಇನ್ನೆರಡು ಓದ್ತವೆ” ಎಂದು ವಿವರಿಸಿದ. ಮುಂದಿನ ಅಕ್ಷರ ಕಲಿಯಬೇಕಾದ್ದು ಅವನಿಗಲ್ಲ, ಮಾನ್‌ಸ್ಟರ್‌ಗೆ. ತಪ್ಪಾದರೆ ಅವನಿಗೆ ನಾಚಿಕೆಯೂ ಇಲ್ಲ. ಆದರೆ ಪುಸ್ತಕ, ಹಾಡು ಇಷ್ಟಪಡುವ, ಒಂದೇ ದಾರಿಯಲ್ಲಿ ನಡೆಯಲು ಒಪ್ಪದ ಮಗುವಿಗೆ ಖಾನ್ ಅಕಾಡೆಮಿ ಕಿಡ್ಸ್ ವಾಸಿ.

ಈಗ ಬಹಳ ಜನ ಗಮನಿಸದ ಒಂದು ಮಾತು. ಓದಲು ಕಲಿಸುವ ಈ ಬಗೆಯ ಆಟಗಳ ಮೂಲ ಲೆಕ್ಕವೇ ಬೇರೆ. ಮಗುವಿಗೆ ಮಾತು ಗೊತ್ತು, ಓದು ಮಾತ್ರ ಗೊತ್ತಿಲ್ಲ ಎಂದುಕೊಂಡು ಅವು ಶುರುವಾಗುತ್ತವೆ. ನಮ್ಮ ಮಗುವಿಗೆ ಎರಡೂ ಹೊಸದು. ಹ್, ಎ, ನ್, ಹೆನ್! ಎಂದು ಕೂಡಿಸಿ ಓದಿ ಕುಣಿಯುತ್ತದೆ. ಹೆನ್ ಅಂದರೆ ಕೋಳಿ ಎಂದು ಗೊತ್ತೇ ಇರುವುದಿಲ್ಲ. ಆ್ಯಪ್ ಅದನ್ನು ಪರೀಕ್ಷಿಸುವುದೂ ಇಲ್ಲ. ಹೀಗೆ ಅರ್ಥವಿಲ್ಲದ ಓದು ಬೆಳೆದರೆ ಮುಂದೆ ಎರಡನೇ ಮೂರನೇ ತರಗತಿಯಲ್ಲಿ ಗಟಗಟ ಓದುವ, ಒಂದು ವಾಕ್ಯವೂ ತಿಳಿಯದ ಮಗು ಸಿಗುತ್ತದೆ.

ಇದಕ್ಕೆ ಮದ್ದು ಸುಲಭ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಬೇಕು. ಮಗು ‘ಹೆನ್’ ಎಂದಾಗ “ಎಲ್ಲಿ, ತೋರಿಸು” ಎನ್ನಬೇಕು. ಅಷ್ಟೇ ಸಾಕು. ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಗ್ರಾಫೊಗೇಮ್ ಎಂಬ ಅಕ್ಷರ-ಧ್ವನಿ ಆಟವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಆ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಪದ ಓದುವುದರಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ದೊಡ್ಡವರು ಪಕ್ಕದಲ್ಲಿದ್ದು ಚೆನ್ನಾಗಿ ಕೈಜೋಡಿಸಿದ ಕಡೆಗಳಲ್ಲಿ ಲಾಭ ಕಂಡಿತು. ಆಟ ಅದೇ, ಫಲ ಬೇರೆ.

ಐದು ವರ್ಷದ ಒಳಗಿನವರಿದ್ದರೆ ಸಮಯದ ಮೇಲೂ ಕಣ್ಣಿರಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಸ್ಕ್ರೀನ್ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಆ ಒಂದು ಗಂಟೆಯಲ್ಲಿ ಕಾರ್ಟೂನೂ ಸೇರಿದೆ ಎನ್ನುವುದನ್ನು ಮರೆಯಬಾರದು.

ದಿನಕ್ಕಿಷ್ಟು ಪಾಠ, ದಿನಕ್ಕಿಷ್ಟು ಪಾಯಿಂಟ್

ಓದಲು ಬಂದ ಮೇಲೆ ಹೆಚ್ಚಿನವರು ಕೈಹಾಕುವುದು ಡ್ಯುಯೊಲಿಂಗೊ ತರಹದ ಆ್ಯಪ್‌ಗಳಿಗೆ. 2012ರಿಂದ ಎಲ್ಲರಿಗೂ ತೆರೆದಿರುವ ಈ ಆ್ಯಪ್‌ನ ಶಕ್ತಿ ಇರುವುದು ಅಭ್ಯಾಸ ಹಚ್ಚುವುದರಲ್ಲಿ. ಒಂದು ದಿನವೂ ತಪ್ಪಿಸದೆ ಆಡಿದರೆ ಸ್ಟ್ರೀಕ್, ಅಂದರೆ ಬಿಡದೆ ಆಡಿದ ದಿನಗಳ ಎಣಿಕೆ, ಬೆಳೆಯುತ್ತ ಹೋಗುತ್ತದೆ. ವಾರದ ಪಟ್ಟಿಯಲ್ಲಿ ಮೇಲೇರಬಹುದು. ಹಳೆಯ ಪದಗಳು ಮತ್ತೆ ಮತ್ತೆ ತಿರುಗಿ ಬರುತ್ತವೆ. ಇದು ಒಳ್ಳೆಯ ಗುಣ. ಪದ ಮನಸ್ಸಿನಲ್ಲಿ ನಿಲ್ಲಲು ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ನಾಲ್ಕು ದಿನ ಬಿಟ್ಟು ಬಿಟ್ಟು ನೋಡುವುದು ಮೇಲು.

ಆದರೆ ಹುರುಪಿನ ವಿಷಯಕ್ಕೆ ಬಂದರೆ ನನಗೆ ಸ್ಟ್ರೀಕ್ ಮೇಲೆ ಪೂರ್ತಿ ನಂಬಿಕೆ ಇಲ್ಲ. ಯಾಕೆ ಎಂದು ಹೇಳುತ್ತೇನೆ.

1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮಾಡಿದ್ದು. ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಆರಿಸಿದರು. ಒಂದು ಗುಂಪಿಗೆ “ಚಿತ್ರ ಬರೆದರೆ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ” ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ನೋಡಿದರು. ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದ ಗುಂಪಿನ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಬಹುಮಾನ ಪಡೆದವರ ಆಸೆ ಕುಗ್ಗಲಿಲ್ಲ.

ಚಿತ್ರವನ್ನು ಪ್ರೀತಿಯಿಂದ ಬರೆಯುತ್ತಿದ್ದ ಮಗುವಿಗೆ ಅದು ಬಹುಮಾನಕ್ಕಾಗಿ ಮಾಡುವ ಕೆಲಸ ಆಗಿಬಿಟ್ಟಿತು. ಸ್ಟ್ರೀಕ್ ವಿಷಯದಲ್ಲೂ ನನ್ನ ಅಂಜಿಕೆ ಇದೇ. ಜ್ವರ ಬಂದು ಒಂದು ದಿನ ತಪ್ಪಿ 60 ದಿನದ ಸ್ಟ್ರೀಕ್ ಕಳೆದುಕೊಂಡ ಮಗುವಿನ ಮುಖ ನೋಡಿದ್ದೇನೆ. ಅದು ಮತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ. 60 ದಿನ ಕಲಿತ ಪದಗಳು ಎಲ್ಲೂ ಹೋಗಿರಲಿಲ್ಲ. ಆದರೆ ಮಗುವಿನ ಲೆಕ್ಕದಲ್ಲಿ ಎಲ್ಲವೂ ಹೋಗಿತ್ತು.

ಇಂಗ್ಲಿಷ್ ಎಂದರೆ ಮುಖ ತಿರುಗಿಸುವ ಮಗುವನ್ನು ಶುರು ಮಾಡಿಸಲು ಪಾಯಿಂಟ್ ಸಹಾಯ ಮಾಡುತ್ತದೆ, ಒಪ್ಪುತ್ತೇನೆ. ಆಗಲೇ ಇಷ್ಟಪಟ್ಟು ಕಲಿಯುತ್ತಿರುವ ಮಗುವಿಗೆ ಅದರ ಅಗತ್ಯವಿಲ್ಲ. ಬಳಸುವುದೇ ಆದರೆ ದಿನಕ್ಕೆ ಹತ್ತು ನಿಮಿಷ ಸಾಕು. ಸಂಖ್ಯೆಯನ್ನು ಹೊಗಳಬೇಡಿ. “ಇವತ್ತು ಯಾವ ವಾಕ್ಯ ತಮಾಷೆಯಾಗಿತ್ತು?” ಎಂದು ಕೇಳಿ.

ಕ್ವಿಜ್ಲೆಟ್, ವರ್ಡ್‌ವಾಲ್ ಇವು ಬೇರೆ ಜಾತಿ. ಪದಗಳ ಪಟ್ಟಿಯನ್ನು ನೀವೇ ಹಾಕಬಹುದು. ಮಗು ಈ ವಾರ ಓದುತ್ತಿರುವ ಪಾಠದ ಪದಗಳನ್ನೇ ಆಟ ಮಾಡಬಹುದು. ಇದು ಸಣ್ಣ ಲಾಭ ಅಲ್ಲ. ಮೊದಲು ಹೇಳಿದ ಅಂಬ್ರೆಲಾ ಹುಡುಗಿಗೆ ನಾನು ಮಾಡಿದ್ದು ಇಷ್ಟೇ: ಪದ ನಾಲ್ಕು, ಚಿತ್ರ ಎಂಟು. ಉಳಿದಿದ್ದನ್ನು ಒತ್ತುವ ದಾರಿ ಮುಚ್ಚಿತು. ಓದಲೇಬೇಕಾಯಿತು. ಮೊದಲ ದಿನ ಸಿಟ್ಟು ಬಂತು. ಮೂರನೇ ದಿನ ‘ಬಟನ್’ ಮತ್ತು ‘ಬಟರ್’ ಎರಡಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಎಂದು ಅವಳೇ ಬಂದು ತೋರಿಸಿದಳು.

ತರಗತಿಯ ಕ್ವಿಜ್: ಓಟವೋ, ಮಾತೋ

ಶಿಕ್ಷಕರು ಹೆಚ್ಚು ಕೇಳುವುದು ಈ ಗುಂಪಿನ ಬಗ್ಗೆ. ಕಹೂಟ್ ನಾರ್ವೆಯಿಂದ 2013ರಲ್ಲಿ ಬಂತು. ಪ್ರಶ್ನೆ ಮುಂದಿನ ದೊಡ್ಡ ಸ್ಕ್ರೀನ್‌ನಲ್ಲಿ, ಉತ್ತರದ ಬಣ್ಣದ ಬಟನ್‌ಗಳು ಮಕ್ಕಳ ಕೈಯಲ್ಲಿ. ಸರಿ ಉತ್ತರವನ್ನು ಬೇಗ ಒತ್ತಿದಷ್ಟೂ ಪಾಯಿಂಟ್ ಜಾಸ್ತಿ. ಸಂಗೀತ, ಗಡಿಯಾರ, ಗಲಾಟೆ. ತೂಕಡಿಸುತ್ತಿದ್ದ ತರಗತಿಯೂ ಎದ್ದು ಕೂರುತ್ತದೆ.

ವೇಗಕ್ಕೆ ಬೆಲೆ ಕೊಟ್ಟಾಗ ಏನಾಗುತ್ತದೆ ನೋಡಿ. ಇಂಗ್ಲಿಷ್ ಚೆನ್ನಾಗಿ ಬರುವವರು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ನಿಧಾನದ ಮಗು ಇನ್ನೂ ಎರಡನೇ ಪದದಲ್ಲಿರುತ್ತದೆ. ಒಮ್ಮೆ ಒಂದು ಕ್ವಿಜ್ ಆಡಿಸುವಾಗ ನಾನು ಪ್ರತಿ ಪ್ರಶ್ನೆಗೆ ಹತ್ತು ಸೆಕೆಂಡ್ ಇಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಐದನೇ ಪ್ರಶ್ನೆಯಿಂದ ಓದುವುದನ್ನೇ ಬಿಟ್ಟು ಕೆಂಪು ಬಟನ್ ಮಾತ್ರ ಒತ್ತುತ್ತ ಕೂತ. ತರಗತಿ ಮುಗಿದ ಮೇಲೆ ಉತ್ತರಗಳ ಪಟ್ಟಿ ತೆರೆದಾಗಲೇ ನನಗೆ ಗೊತ್ತಾದದ್ದು. ಸಮಯ ಇಟ್ಟವಳು ನಾನು. ಈಗ ಚಿಕ್ಕವರಿಗೆ ಅರ್ಧ ನಿಮಿಷಕ್ಕಿಂತ ಕಡಿಮೆ ಇಡುವುದೇ ಇಲ್ಲ. ಇಬ್ಬಿಬ್ಬರನ್ನು ಒಂದು ತಂಡ ಮಾಡುತ್ತೇನೆ.

ಬ್ಲೂಕೆಟ್‌ನಲ್ಲಿ ಪ್ರಶ್ನೆ ಪ್ರತಿಯೊಬ್ಬರ ಸ್ಕ್ರೀನ್‌ನಲ್ಲೇ ಬರುತ್ತದೆ, ಅವರವರ ವೇಗದಲ್ಲಿ. ಅದೃಷ್ಟದ ಪಾಲೂ ಇದೆ. ಸರಿ ಉತ್ತರ ಕೊಟ್ಟು ಪೆಟ್ಟಿಗೆ ತೆರೆದರೆ ಚಿನ್ನ ಸಿಗಬಹುದು, ಬೇರೆಯವರ ಚಿನ್ನವೂ ಸಿಗಬಹುದು. ಹಾಗಾಗಿ ಹಿಂದುಳಿದ ಮಗುವೂ ಗೆಲ್ಲುವ ಆಸೆ ಬಿಡುವುದಿಲ್ಲ. ಒಂದೇ ತೊಂದರೆ, ಕೊನೆಗೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಕದ್ದ ಚಿನ್ನ.

ಕ್ವಿಜ್ಲೆಟ್ ಲೈವ್ 2016ರಲ್ಲಿ ಬಂತು. ಈ ಗುಂಪಿನಲ್ಲಿ ನನಗೆ ಇದೇ ಇಷ್ಟ. ತಂಡವಾಗಿ ಆಡುವಾಗ ಎಲ್ಲರಿಗೂ ಪ್ರಶ್ನೆ ಒಂದೇ, ಉತ್ತರದ ಪಟ್ಟಿ ಮಾತ್ರ ಒಬ್ಬೊಬ್ಬರ ಸ್ಕ್ರೀನ್‌ನಲ್ಲಿ ಬೇರೆ ಬೇರೆ. ಸರಿ ಉತ್ತರ ಒಬ್ಬರ ಹತ್ತಿರ ಮಾತ್ರ ಇರುತ್ತದೆ. ತಪ್ಪು ಒತ್ತಿದರೆ ತಂಡದ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಬಾಯಿ ಬಿಡಲೇಬೇಕು. “ನಿನ್ನ ಹತ್ತಿರ ‘ಕಿಚನ್’ ಇದೆಯಾ? ಒತ್ತಬೇಡ, ಮೊದಲು ಓದು!” ಎಂದು ಮಕ್ಕಳೇ ಮಕ್ಕಳಿಗೆ ಹೇಳುತ್ತಾರೆ. ಚರ್ಚೆ ತಮ್ಮ ಭಾಷೆಯಲ್ಲಿ ನಡೆದರೂ ಪರವಾಗಿಲ್ಲ. ಇಂಗ್ಲಿಷ್ ಪದವನ್ನು ಗಟ್ಟಿಯಾಗಿ ಓದಿ ಹೇಳಬೇಕಾಗುತ್ತದೆ, ಕೇಳಿ ತಿಳಿಯಬೇಕಾಗುತ್ತದೆ. ಬಟನ್ ಒತ್ತುವುದರಲ್ಲಿ ಅದು ಸಿಗುವುದಿಲ್ಲ.

ಇಂಗ್ಲಿಷ್ ಕಲಿಸಲೆಂದು ಮಾಡದ ಆಟಗಳು

ಎಂಟು ಒಂಬತ್ತು ವರ್ಷ ದಾಟಿದ ಮೇಲೆ ನಾನು ಹೆಚ್ಚು ನಂಬುವುದು ಇವುಗಳನ್ನು. ಇಲ್ಲಿ ಯಾರೂ ಪಾಠ ಮಾಡುವುದಿಲ್ಲ. ಆದರೆ ಇಂಗ್ಲಿಷ್ ಇಲ್ಲದೆ ಮುಂದೆ ಹೋಗುವುದು ಕಷ್ಟ.

ಮೈನ್‌ಕ್ರಾಫ್ಟ್ ತೆಗೆದುಕೊಳ್ಳಿ. ಅಗೆದು, ಕಟ್ಟಿ, ರಾತ್ರಿ ಬರುವ ಮಾನ್‌ಸ್ಟರ್‌ಗಳಿಂದ ಉಳಿದುಕೊಳ್ಳುವ ಆಟ ಅದು. ಕಬ್ಬಿಣದ ಅದಿರು ಅಗೆಯಲು ಮರದ ಪಿಕ್ಯಾಕ್ಸ್ ನಡೆಯುವುದಿಲ್ಲ, ಕಲ್ಲಿನದು ಬೇಕು. ಅಗೆದದ್ದನ್ನು ಫರ್ನೆಸ್‌ನಲ್ಲಿ ಕರಗಿಸಬೇಕು. ಐರನ್, ಕೋಲ್, ಫರ್ನೆಸ್, ಇಂಗಾಟ್ ಇವನ್ನೆಲ್ಲ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಒಂಬತ್ತು ವರ್ಷದ ಒಬ್ಬ ಹುಡುಗ ರಾತ್ರಿಯಾಯಿತೆಂದು ಆಟದ ಹಾಸಿಗೆ ಮುಟ್ಟಿದ. ಮಲಗಲು ಬಿಡಲಿಲ್ಲ. ಮಾನ್‌ಸ್ಟರ್‌ಗಳು ‘ನಿಯರ್‌ಬೈ’ ಇವೆ ಎಂಬ ಸಾಲು ಬಂತು. “ನಿಯರ್‌ಬೈ ಅಂದ್ರೇನು, ಬೇಗ ಹೇಳಿ!” ಎಂದು ಕೂಗಿದ. ಹತ್ತಿರದಲ್ಲೇ ಇದೆ ಎಂದೆ. ಕತ್ತಿ ಹಿಡಿದು ತಿರುಗಿದ. ಗೋಡೆಯ ಆಚೆ ಜಾಂಬಿ ನಿಂತಿತ್ತು. ಆ ಪದವನ್ನು ಅವನು ಇನ್ನು ಮರೆಯುವುದು ಸಾಧ್ಯವೇ?

ಇದೇ ಆಟವನ್ನು ಇಂಗ್ಲಿಷ್ ಇಲ್ಲದೆಯೂ ಆಡಬಹುದು ಎನ್ನುವುದೂ ನಿಜ. ಚಿತ್ರ ನೋಡಿಯೇ ಎಷ್ಟೋ ಕೆಲಸ ಆಗುತ್ತದೆ. ಸುಮ್ನೆ ಬಿಟ್ಟರೆ ಮಗು ಗಂಟೆಗಟ್ಟಲೆ ಕಟ್ಟುತ್ತದೆ, ಒಂದು ಪದವೂ ಓದುವುದಿಲ್ಲ. ಆದ್ದರಿಂದ ಒಂದು ಸಣ್ಣ ಕೆಲಸ ಕೊಡಿ. ಕಟ್ಟಿದ ಪ್ರತಿ ಕೋಣೆಗೂ ಇಂಗ್ಲಿಷಿನಲ್ಲಿ ಬರೆದ ಬೋರ್ಡ್ ಹಾಕಬೇಕು. ಗೆಳೆಯನಿಗೆ ನಿಧಿ ಬಚ್ಚಿಟ್ಟು, ಹುಡುಕುವ ದಾರಿಯನ್ನು ಆಟದೊಳಗಿನ ಪುಸ್ತಕದಲ್ಲಿ ಬರೆಯಬೇಕು. ಆಗ ‘ಬಿಹೈಂಡ್’, ‘ಅಂಡರ್’, ‘ಟರ್ನ್ ಲೆಫ್ಟ್’ ಎಲ್ಲ ಬೇಕಾಗುತ್ತವೆ. ಗುರುತಿಲ್ಲದವರು ಇರುವ ಸರ್ವರ್‌ಗೆ ಮಾತ್ರ ಬಿಡಬೇಡಿ. ಮಗುವಿನ ಸ್ವಂತ ಲೋಕ, ಗೊತ್ತಿರುವ ಗೆಳೆಯರು, ಅಷ್ಟು ಸಾಕು.

ಹತ್ತು ದಾಟಿದವರಿಗೆ ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್ ಎಂಬ 2015ರ ಆಟ. ಒಬ್ಬರಿಗೆ ಸ್ಕ್ರೀನ್‌ನಲ್ಲಿ ಬಾಂಬ್ ಕಾಣುತ್ತದೆ, ಅದನ್ನು ಸಿಡಿಯದಂತೆ ಮಾಡುವ ವಿಧಾನ ಗೊತ್ತಿಲ್ಲ. ಉಳಿದವರ ಕೈಯಲ್ಲಿ ಕೈಪಿಡಿ ಇದೆ, ಬಾಂಬ್ ಕಾಣುವುದಿಲ್ಲ. ಮಾತಿನಿಂದಲೇ ಕೆಲಸ ಆಗಬೇಕು, ಗಡಿಯಾರ ಓಡುತ್ತಿರುತ್ತದೆ. ಆಟ ಒಂದು ಸಾಧನದಲ್ಲಿದ್ದರೆ ಸಾಕು. ಕೈಪಿಡಿ ಉಚಿತ, ಪ್ರಿಂಟ್ ತೆಗೆದು ಹಂಚಬಹುದು. ತಂತಿ ಮೂರಿದ್ದು ಕೆಂಪು ತಂತಿ ಇಲ್ಲದಿದ್ದರೆ ಎರಡನೆಯದನ್ನು ಕತ್ತರಿಸು, ಇಲ್ಲವಾದರೆ ಕೊನೆಯದರ ಬಣ್ಣ ನೋಡು, ಹೀಗೆ ಸಾಗುತ್ತದೆ. ‘ಇಫ್’, ‘ಅದರ್‌ವೈಸ್’, ‘ಮೋರ್ ದ್ಯಾನ್ ಒನ್’ ಎಂಬ ಪದಗಳ ಮೇಲೆ ಇಡೀ ಕೋಣೆಯ ಉಸಿರು ನಿಂತಿರುತ್ತದೆ. ವ್ಯಾಕರಣದ ಪುಸ್ತಕದಲ್ಲಿ ‘ಅದರ್‌ವೈಸ್’ಗೆ ಅಂಥ ಬೆಲೆ ಬಂದದ್ದನ್ನು ನಾನು ಕಂಡಿಲ್ಲ. ಮುಂದಿನ ಒಂದು ಹಂತದಲ್ಲಿ ‘ರೆಡ್’ (red, read), ‘ಲೆಡ್’ (led, lead), ‘ದೇರ್’ (there, their) ತರಹ ಬರೆಯುವುದು ಬೇರೆಯಾದರೂ ಕಿವಿಗೆ ಒಂದೇ ಎನಿಸುವ ಪದಗಳು ಬರುತ್ತವೆ. ಅಕ್ಷರ ಬಿಡಿಸಿ ಹೇಳದೆ ಗತಿಯಿಲ್ಲ. ಆ ಹಂತ ಮೊದಲೇ ಬೇಡ. ಆಟವನ್ನು ನೀವೇ ಹೊಂದಿಸಿಕೊಳ್ಳುವ ಫ್ರೀಪ್ಲೇ ಆರಿಸಿ, ಸಮಯ ಜಾಸ್ತಿ ಇಟ್ಟು, ಬಾಂಬಿನಲ್ಲಿರುವ ಒಗಟುಗಳ ಸಂಖ್ಯೆ ಕಡಿಮೆ ಮಾಡಿ ಶುರು ಮಾಡಿ. ಬಾಂಬ್ ಎನ್ನುವುದೇ ಬೇಡ ಅನಿಸಿದರೆ, ಒಬ್ಬರು ಟ್ಯಾಬ್‌ನಲ್ಲಿ ಚಿತ್ರ ನೋಡಿ ಹೇಳುವುದು, ಇನ್ನೊಬ್ಬರು ನೋಡದೆ ಬರೆಯುವುದು. ಆಟದ ಜೀವ ಅದರಲ್ಲೂ ಇದೆ.

ವರ್ಡಲ್ ತರಹದ ಪದಗಳ ಆಟ ಚಿಕ್ಕವರಿಗೆ ನಾನು ಹೇಳುವುದಿಲ್ಲ. ಐದಕ್ಷರದ ಪದವನ್ನು ಆರು ಪ್ರಯತ್ನದಲ್ಲಿ ಕಂಡುಹಿಡಿಯಲು ತಲೆಯಲ್ಲಿ ಮೊದಲೇ ಸಾಕಷ್ಟು ಪದ ಇರಬೇಕು.

ಹಾಗಾದರೆ ಯಾವುದನ್ನು ಆರಿಸುವುದು?

ಓದಲು ಬಾರದ ಮಗು, ನಿಮಗೆ ದಿನಕ್ಕೆ ಹದಿನೈದು ನಿಮಿಷ ಪಕ್ಕದಲ್ಲಿ ಕೂರಲು ಸಾಧ್ಯ: ಮಾನ್‌ಸ್ಟರ್ ಆಟ. ಪೂರ್ತಿ ಕೂರಲು ಆಗುವುದಿಲ್ಲ, ನಡುನಡುವೆ ಬಂದು ನೋಡಬಲ್ಲಿರಿ: ಖಾನ್ ಅಕಾಡೆಮಿ ಕಿಡ್ಸ್, ಅದರಲ್ಲೂ ಕಥೆ ಓದಿ ಹೇಳುವ ಭಾಗ. ಓದುತ್ತದೆ ಆದರೆ ಬಾಯಿ ಬಿಡುವುದಿಲ್ಲ: ಪಾಯಿಂಟ್ ಆ್ಯಪ್ ಬೇಡವೇ ಬೇಡ, ಇಬ್ಬರು ಸೇರಿ ಆಡುವುದನ್ನು ಕೊಡಿ. ಶಾಲೆಯ ಪದಗಳು ನೆನಪಿಗೆ ನಿಲ್ಲುತ್ತಿಲ್ಲ: ನೀವೇ ಪಟ್ಟಿ ಹಾಕುವ ಕ್ವಿಜ್ಲೆಟ್ ಅಥವಾ ವರ್ಡ್‌ವಾಲ್. ಆಗಲೇ ಮೈನ್‌ಕ್ರಾಫ್ಟ್ ಹುಚ್ಚು ಹಿಡಿದಿದೆ: ಹೊಸ ಆ್ಯಪ್ ಹುಡುಕಬೇಡಿ, ಆಟದ ಭಾಷೆ ಇಂಗ್ಲಿಷಿನಲ್ಲಿದೆಯಾ ನೋಡಿ, ಬೋರ್ಡ್ ಬರೆಸಿ.

ಯಾವುದನ್ನೇ ಆರಿಸಿದರೂ ಮಗುವಿಗೆ ಕೊಡುವ ಮೊದಲು ನೀವು ಹತ್ತು ನಿಮಿಷ ಆಡಿ. ಜಾಹೀರಾತು ಎಲ್ಲಿ ಬರುತ್ತದೆ, ದುಡ್ಡು ಕೇಳುವ ಬಟನ್ ಎಲ್ಲಿದೆ, ಇಂಟರ್ನೆಟ್ ಇಲ್ಲದೆ ನಡೆಯುತ್ತದಾ ಎನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ. ಒಮ್ಮೆಗೆ ಒಂದೇ ಆಟ ಇರಲಿ, ಎರಡು ವಾರ ನಡೆಯಲಿ. ಅಷ್ಟರೊಳಗೆ ಆಟದ ಒಂದು ಪದವಾದರೂ ಆಟದ ಹೊರಗೆ ಮಗುವಿನ ಬಾಯಲ್ಲಿ ಬರದಿದ್ದರೆ ಬದಲಾಯಿಸಿ.

ನಿಲ್ಲಿಸುವಾಗ ಗಡಿಯಾರ ನೋಡಿ ತಟ್ಟನೆ ಕಿತ್ತುಕೊಳ್ಳಬೇಡಿ. ಲೆವೆಲ್ ಮಧ್ಯೆ ಕಿತ್ತರೆ ಮುಂದಿನ ಅರ್ಧ ಗಂಟೆ ಅಳುವಿಗೇ ಹೋಗುತ್ತದೆ. “ಈ ಲೆವೆಲ್ ಮುಗಿಸಿ ಟ್ಯಾಬ್ ನನಗೆ ಕೊಡು, ಆಮೇಲೆ ಮಾನ್‌ಸ್ಟರ್ ಏನು ಮಾಡ್ತು ಹೇಳು” ಎನ್ನಿ. ಹೇಳುವಾಗ ಇಂಗ್ಲಿಷ್ ಪದ ತಪ್ಪಾಗಿ ಬಂದರೂ ಕಥೆ ಮುಗಿಯುವ ತನಕ ತಿದ್ದಬೇಡಿ.